ಮೂರನೇ ಸಾಲಿನ ಕೊನೆಯವನು

ವೃತ್ತ ಹತ್ತಿರವಾಗುತ್ತಿದ್ದಂತೆ ಮೇಷ್ಟ್ರ ಗಂಟಲಿಗೆ ಮಾತು ಬಂದು ನಿಂತಿತು. ಬಲಕ್ಕೆ. ಒಂದೇ ಮಾತು. ಮುಂದೆ ಕೂತು ಸ್ಕೂಟರು ಓಡಿಸುತ್ತಿದ್ದ ಮಗಳು ಎಡಗಡೆಯ ದೀಪ ಮಿಣುಕಿಸುತ್ತಿದ್ದಳು. ಆಫೀಸು ಇದ್ದದ್ದು ಬಲಕ್ಕೆ. ನಾಲ್ಕು ತಿಂಗಳಿಂದ ಇಬ್ಬರೂ ಒಟ್ಟಿಗೆ ಇದೇ ದಾರಿಯಲ್ಲಿ ಹೋಗುತ್ತಿದ್ದರು, ಅವಳೊಬ್ಬಳೇ ಆರು ವರ್ಷದಿಂದ ಹೋಗುತ್ತಿದ್ದಳು, ಆದರೂ ತಲೆಯಲ್ಲಿ ಏನಾದರೂ ಓಡುತ್ತಿದ್ದರೆ ಅವಳ ಕೈ ತಪ್ಪು ಕಡೆಗೇ ಹೋಗುತ್ತಿತ್ತು. ಹೇಳಬಾರದು, ಅವಳಿಗೇ ಗೊತ್ತಾಗುತ್ತದೆ, ಮೂವತ್ತನಾಲ್ಕು ವರ್ಷದ ಹೆಂಗಸು, ಎಂದು ಅಂದುಕೊಳ್ಳುವಷ್ಟರಲ್ಲಿ, ಮೂವತ್ತೊಂದು ವರ್ಷ ಡ್ರಿಲ್ ಮೇಷ್ಟ್ರಾಗಿ ಶಾಲೆಯ ಮೈದಾನದಲ್ಲಿ ಕೂಗಿ ಪಳಗಿದ ಗಂಟಲು ತಾನಾಗಿಯೇ ತೆರೆದುಕೊಂಡಿತು. "ಬಲಕ್ಕೆ!" ಸ್ಕೂಟರು ಮುಗ್ಗರಿಸಿತು. ಹಿಂದಿನ ಬಸ್ಸು ಉದ್ದಕ್ಕೆ ಹಾರನ್ನು ಹೊಡೆಯಿತು. ಮಗಳ ಹೆಗಲು ಕಿವಿಯವರೆಗೂ ಏರಿ, ಹಾಗೇ ಒಂದು ಕ್ಷಣ ನಿಂತು, ಇಳಿಯಿತು. ಅವಳು ಬಲಕ್ಕೆ ತಿರುಗಿಸಿದಳು. ಆಫೀಸು ಬರುವ ತನಕ ಆ ಹೆಗಲು ಏರಿದ ರೀತಿ ಮೇಷ್ಟ್ರ ಕಣ್ಣ ಮುಂದಿಂದ ಹೋಗಲಿಲ್ಲ. ಹತ್ತು ವರ್ಷದ ಹುಡುಗಿಯಾಗಿದ್ದಾಗಲೂ ಅವಳ ಹೆಗಲು ಹೀಗೇ ಏರುತ್ತಿತ್ತು.

ಗಾಡಿ ನಿಲ್ಲಿಸುವ ಜಾಗದಲ್ಲಿ ಅವಳು ಹೆಲ್ಮೆಟ್ಟು ತೆಗೆದು, "ಅಪ್ಪ, ಇವತ್ತು ನಮ್ಮ ಆಟ ಆಡಿ ನೋಡೋರು ಬರ್ತಿದ್ದಾರೆ. ಏನೇನೋ ಅಂತಾರೆ. ನೀನು ಮನಸ್ಸಿಗೆ ಹಚ್ಕೋಬೇಡ," ಎಂದಳು. ಆಮೇಲೆ ಲಿಫ್ಟಿನ ಬಾಗಿಲು ತೆರೆದುಕೊಂಡು ಇನ್ನಿಬ್ಬರು ಜೊತೆಯಾದಾಗ, "ಮೂರನೇ ಫ್ಲೋರ್ ಒತ್ತಿ ಮೇಷ್ಟ್ರೇ," ಎಂದಳು. ಆಫೀಸಿನಲ್ಲಿ ಎಲ್ಲರಿಗೂ ಅವರು ಮೇಷ್ಟ್ರು, ಅವಳಿಗೂ. ಅವಳೇ ಮಾಡಿಕೊಂಡ ಏರ್ಪಾಡು ಅದು. ಶಾಲೆಯಲ್ಲೂ ಹಾಗೇ ಇತ್ತು, ಆದರೆ ಆಗ ಏರ್ಪಾಡು ಮಾಡಿದವರು ಅವರು: ಗೇಟಿನ ಒಳಗೆ ಬಂದ ಮೇಲೆ ನಾನು ಅಪ್ಪ ಅಲ್ಲ, ಸಾರ್. ಮೊದಲ ದಿನ ಅವಳು ಗೇಟಿನ ಗೆರೆಯ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು, "ಈಗ ಏನಂತ ಕರೀಲಿ?" ಎಂದು ಕೇಳಿದ್ದಳು. ಸ್ಟಾಫ್ ರೂಮಿನಲ್ಲಿ ಅದನ್ನು ಹೇಳಿ ಎಷ್ಟು ನಗಿಸಿದ್ದರು! ಈಗ ಲಿಫ್ಟಿನ ಕನ್ನಡಿಯಲ್ಲಿ ತಮ್ಮ ನರೆತ ಮೀಸೆ ನೋಡಿಕೊಳ್ಳುತ್ತಾ, ಅದರಲ್ಲಿ ನಗುವಂಥದ್ದು ಏನಿತ್ತು ಎಂದು ಹುಡುಕಿದರು, ಸಿಗಲಿಲ್ಲ.

ಅವರು ಈ ಆಫೀಸಿಗೆ ಬಂದದ್ದೇ ಒಂದು ಮೋಜಿನ ಸಂಗತಿ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕುರ್ಚಿಗಳನ್ನು, ಚಪ್ಪಲಿಗಳನ್ನು, ಡಬ್ಬಿಗಳನ್ನು ಸಾಲು ಹಿಡಿಸುತ್ತಾ ಎರಡು ವರ್ಷ ಕಳೆದಿದ್ದರು. ಹೆಂಡತಿ, "ಇನ್ನು ನನಗೊಂದು ಸೀಟಿ ಊದೋದು ಬಾಕಿ, ಅದೂ ಊದಿಬಿಡಿ," ಎಂದು ಹೇಳುವ ಹಂತಕ್ಕೆ ಬಂದಿತ್ತು. ಆಗ ಊಟಕ್ಕೆ ಕೂತಾಗ ಮಗಳು, ಆಫೀಸಿನಲ್ಲಿ ತಾವು ಮಾಡುತ್ತಿರುವ ಕಂಪ್ಯೂಟರ್ ಆಟದಲ್ಲಿ ಅರವತ್ತು ಸೈನಿಕರು ಇದ್ದಾರೆ, ತಿರುಗು ಅಂದರೆ ತಿರುಗುತ್ತಾರೆ, ಆದರೆ ಬೊಂಬೆಗಳ ಹಾಗೆ ಕಾಣುತ್ತಾರೆ, ಯಾಕೆ ಅಂತ ಯಾರಿಗೂ ತಿಳಿಯುತ್ತಿಲ್ಲ ಎಂದಳು. ಮೇಷ್ಟ್ರು ತುತ್ತು ಕೈಯಲ್ಲೇ ಹಿಡಿದು, "ಒಟ್ಟಿಗೆ ತಿರುಗ್ತಾರಾ?" ಎಂದು ಕೇಳಿದರು. "ಹೌದು, ಒಟ್ಟಿಗೇ." "ಅದಕ್ಕೇ ಮತ್ತೆ." ಇಷ್ಟೇ ಅವರ ಸಂದರ್ಶನ.

ಆಟ ಏನೆಂದರೆ ಹೀಗೆ. ಒಬ್ಬ ನಾಯಕಿ, ಕೈಯಲ್ಲಿ ಉರಿಯುವ ಕೋಲು, ಊರೂರು ತಿರುಗುತ್ತಾಳೆ, ಜನರ ಜೊತೆ ಮಾತಾಡುತ್ತಾಳೆ, ಮಂತ್ರ ಕಲಿಯುತ್ತಾಳೆ. ಅಲ್ಲಿಯವರೆಗೂ ಅವಳು ಒಬ್ಬಳೇ. ಆಮೇಲೆ ಬೂದಿಯ ಸೈನ್ಯ ಬರುತ್ತದೆ, ಕಲ್ಲಿನ ದೈತ್ಯರು ಬರುತ್ತಾರೆ, ಆಗ ಅವಳ ಹಿಂದೆ ಅರವತ್ತು ಜನ ನಿಲ್ಲುತ್ತಾರೆ, ಆಡುವವನು ಅವರನ್ನು ನಡೆಸಬೇಕು: ಮುಂದೆ ಹೋಗಿ, ನಿಲ್ಲಿ, ಗುರಾಣಿ ಕಟ್ಟಿ, ಬಲಕ್ಕೆ ತಿರುಗಿ. ಒಬ್ಬರಾಗಿ ಆಡುತ್ತಿದ್ದವರು ತಟಕ್ಕನೆ ಅರವತ್ತು ಜನರ ಯಜಮಾನರಾಗುವುದು ಹೇಗೆ ಎಂಬುದೇ ಆಫೀಸಿನ ದೊಡ್ಡ ಜಗಳ. ಆಟದ ಯೋಜನೆ ಮಾಡುವ ಮುಖ್ಯಸ್ಥ ತೆಳ್ಳಗಿನ, ಚೂಪು ಮೂಗಿನ ಮನುಷ್ಯ. ಯುದ್ಧ ಶುರುವಾದ ಕೂಡಲೇ ಆಡುವವನನ್ನು ಆಕಾಶಕ್ಕೆ ಏರಿಸಿ ಮೇಲಿನಿಂದ ಎಲ್ಲವನ್ನೂ ತೋರಿಸಬೇಕೆಂದು ಹಟ ಹಿಡಿದಿದ್ದರಿಂದ ಎಲ್ಲರೂ ಅವನನ್ನು ಹದ್ದು ಎಂದೇ ಕರೆಯುತ್ತಿದ್ದರು, ಎದುರಿಗೂ. ಮೇಷ್ಟ್ರು ಮೊದಲ ದಿನವೇ, "ಮೇಲಿಂದ ನೋಡಿದ್ರೆ ಬರೀ ತಲೆ ಕಾಣುತ್ತೆ. ತಲೆಗೆ ಯಾರು ಹೇಳೋದು? ಮುಖಕ್ಕೆ ಹೇಳ್ಬೇಕು," ಎಂದು ಆಡುವವನನ್ನು ನೆಲಕ್ಕೆ ಇಳಿಸಿದ್ದರು. ಹದ್ದು ಎರಡು ದಿನ ಮುನಿಸಿಕೊಂಡು, ಮೂರನೇ ದಿನ ತಾನೇ ಕಾಫಿ ತಂದುಕೊಟ್ಟಿದ್ದ.

ಅವರು ಕೊಟ್ಟದ್ದು ಎರಡು ಸಂಗತಿ. ಆಜ್ಞೆಯಲ್ಲಿ ಎರಡು ತುಂಡು ಇರುತ್ತದೆ, ಒಂದು ಎಚ್ಚರಿಕೆಯ ಮಾತು, ಒಂದು ಕೆಲಸದ ಮಾತು. ಬಲಕ್ಕೇ... ಇದು ಎಚ್ಚರಿಕೆ. ತಿರುಗ್! ಇದು ಕೆಲಸ. ನಡುವೆ ಒಂದು ಸಂದು. ಆ ಸಂದಿನಲ್ಲಿ ಸಾಲು ಉಸಿರು ಎಳೆದುಕೊಳ್ಳುತ್ತದೆ, ಮೈ ಭಾರ ಹಿಮ್ಮಡಿಗೆ ಬರುತ್ತದೆ. ಅದಿಲ್ಲದಿದ್ದರೆ ಅವರು ಬೊಂಬೆಗಳೇ. ಅದನ್ನು ಆಟಕ್ಕೆ ಹಾಕಿದರು: ಗುಂಡಿ ಒತ್ತಿ ಹಿಡಿದರೆ ಎಚ್ಚರಿಕೆ, ಬಿಟ್ಟರೆ ಕೆಲಸ. ಒತ್ತಿದ ಕೂಡಲೇ ಬಿಟ್ಟರೆ ಸಾಲು ಚದುರುತ್ತದೆ. ಎರಡನೆಯದು, ಅವರು ಯೋಚನೆಯನ್ನೂ ಮಾಡದೆ ಹೇಳಿದ್ದು: "ಅರವತ್ತು ಜನರಲ್ಲಿ ಒಬ್ಬ ತಪ್ಪು ಕಡೆ ತಿರುಗ್ತಾನೆ. ಇದ್ದೇ ಇರ್ತಾನೆ. ಇಲ್ದಿದ್ರೆ ಅದು ಸಾಲಲ್ಲ, ಗೋಡೆ." ಹೇಳುವಾಗ ಮಗಳು ಮೇಜಿನ ತುದಿಯಲ್ಲಿ ಕೂತು ಬರೆಯುತ್ತಿದ್ದಳು. ಸೈನಿಕರಿಗೆ ಚಲನೆ ಕೊಡುವ ಕೆಲಸ ಅವಳದು. ಅವಳ ಪೆನ್ನು ನಿಂತಿತು. ಮತ್ತೆ ಓಡಿತು. ವಾರ ಕಳೆದ ಮೇಲೆ ಅವಳು ಪರದೆಯ ಮೇಲೆ ತೋರಿಸಿದ ಸೈನಿಕ ಮೂರನೇ ಸಾಲಿನ ಕೊನೆಯವನು. ಎಲ್ಲರೂ ಬಲಕ್ಕೆ ತಿರುಗಿದಾಗ ಅವನು ಎಡಕ್ಕೆ ತಿರುಗುತ್ತಾನೆ. ತಲೆ ಅಲ್ಲಾಡಿಸದೆ ಕಣ್ಣನ್ನು ಮಾತ್ರ ಪಕ್ಕಕ್ಕೆ ಹೊರಳಿಸುತ್ತಾನೆ. ಹೆಗಲು ಕಿವಿಯವರೆಗೂ ಏರುತ್ತದೆ. ಆಮೇಲೆ ಒಂದು ಪುಟ್ಟ ಜಿಗಿತ, ಯಾರಿಗೂ ಕಾಣದಿರಲಿ ಎಂಬಂಥದ್ದು, ಸರಿಯಾದ ಕಡೆಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರೂ ತಟ್ಟಿದರು. ಕಣ್ಣಿನ ವಿಷಯ, ಹೆಗಲಿನ ವಿಷಯ, ಜಿಗಿತದ ವಿಷಯ ಅವರು ಯಾರಿಗೂ ಹೇಳಿರಲಿಲ್ಲ.

ಆಡಿ ನೋಡುವವರು ಹತ್ತು ಗಂಟೆಗೆ ಬಂದರು, ಆರು ಜನ. ಒಬ್ಬಾಕೆ ನರ್ಸು, ರಜೆಯ ದಿನ. ಒಬ್ಬ ಟೈರು ಅಂಗಡಿಯವನು. ಉಳಿದವರು ಓದುವವರೋ ಓದಿ ಬಿಟ್ಟವರೋ. ಅವರ ಬೆನ್ನ ಹಿಂದೆ ಗೋಡೆಗೆ ಒರಗಿ ಆಫೀಸಿನವರು ನಿಂತರು. ಮಾತಾಡುವಂತಿಲ್ಲ, ಸುಳಿವು ಕೊಡುವಂತಿಲ್ಲ, ಬರೀ ನೋಡಬೇಕು. ಮೇಷ್ಟ್ರಿಗೆ ಇದು ಪರೀಕ್ಷೆಯ ಕೋಣೆಯ ಹಾಗೆ ಹಿತವಾಗಿತ್ತು, ಮೊದಲ ಇಪ್ಪತ್ತು ನಿಮಿಷ. ಸಾಲು ತಿರುಗಿತು, ಉಸಿರು ಎಳೆಯಿತು, ಗುರಾಣಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಟೈರು ಅಂಗಡಿಯವನು, "ಅಯ್ಯೋ, ಇವನೊಬ್ಬ ಸೊಟ್ಟ ಇದ್ದಾನಲ್ಲ!" ಎಂದ. ಆರೂ ಜನ ನಕ್ಕರು. ಅಲ್ಲಿಂದ ಅವನ ಹೆಸರು ಸೊಟ್ಟ ಎಂದಾಯಿತು. ಸೊಟ್ಟನಿಂದ ಮೂರನೇ ಸಾಲು ತಡವಾಗುತ್ತದೆ, ಆ ಸಂದಿನಲ್ಲಿ ಬೂದಿಯವರ ಈಟಿ ನುಗ್ಗುತ್ತದೆ ಎಂದು ಕಂಡುಹಿಡಿಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಜ್ಞೆಗಳ ಪಟ್ಟಿಯಲ್ಲಿ 'ಬೇರ್ಪಡಿಸು' ಎಂಬುದೊಂದಿತ್ತು, ಬಿಲ್ಲುಗಾರರನ್ನು ಪಕ್ಕಕ್ಕೆ ಕಳಿಸಲಿಕ್ಕೆಂದು ಇಟ್ಟದ್ದು. ನರ್ಸು ಅದರಿಂದ ಸೊಟ್ಟನೊಬ್ಬನನ್ನೇ ಸಾಲಿನಿಂದ ಆಚೆ ತೆಗೆದು, ಬಯಲಿನ ನಡುವೆ ನಿಲ್ಲಿಸಿದಳು. ಬೂದಿಯವರೆಲ್ಲ ಒಂಟಿಯಾಗಿ ನಿಂತವನ ಕಡೆ ಓಡಿದರು. ಅವರ ಪಕ್ಕೆ ತೆರೆಯಿತು. ಐವತ್ತೊಂಬತ್ತು ಜನರ ನೇರವಾದ ಸಾಲು ಬಂದು ಆ ಪಕ್ಕೆಗೆ ಬಡಿಯಿತು. "ಬಂತು!" ಎಂದು ಅವಳು ಕೈ ಎತ್ತಿದಳು. ಅರ್ಧ ಗಂಟೆಯಲ್ಲಿ ಆರೂ ಪರದೆಗಳಲ್ಲಿ ಸೊಟ್ಟ ಒಬ್ಬನೇ ಬಯಲಿನಲ್ಲಿ ನಿಂತಿದ್ದ, ಆರು ಕಡೆ ಆರು ಸಲ, ಆಜ್ಞೆ ಬರದೆ ಯಾವ ಕಡೆ ತಿರುಗಬೇಕೆಂದು ತಿಳಿಯದೆ, ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿಸುತ್ತಾ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಮೇಷ್ಟ್ರು ಹೊರಗೆ ಬಂದು ನೀರು ಕುಡಿದರು. ಕಾಗದದ ಲೋಟ ಕೈಯಲ್ಲಿ ನಜ್ಜುಗುಜ್ಜಾಯಿತು. ಸಾಲಿನಿಂದ ಆಚೆ ಬಾ. ಯಾರ ದನಿ ಅದು? ತಮ್ಮದೇ. ಕ್ರೀಡಾಕೂಟಕ್ಕೆ ಹಿಂದಿನ ದಿನ, ಸಂಜೆ ನಾಲ್ಕು ಗಂಟೆ, ಮೈದಾನಕ್ಕೆ ಸುಣ್ಣದ ಗೆರೆ ಎಳೆದಾಗಿತ್ತು. ಆರು ವಾರದ ಅಭ್ಯಾಸ. ನಲವತ್ತು ಮಕ್ಕಳು, ನಾಲ್ಕು ಸಾಲು, ಸಾಲಿಗೆ ಹತ್ತು. ಮೂವತ್ತೊಂಬತ್ತು ಮಕ್ಕಳು ಬಲಕ್ಕೆ, ಒಂದು ಎಡಕ್ಕೆ. ಬೇರೆ ಯಾರದೋ ಮಗುವಾಗಿದ್ದರೆ ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈ ಇಟ್ಟು, ಒಂದಿಷ್ಟು ಹೇಳಿಕೊಡುತ್ತಿದ್ದರು, ನೂರಾರು ಮಕ್ಕಳಿಗೆ ಹೇಳಿಕೊಟ್ಟಿದ್ದರು. ಸ್ವಂತ ಮಗಳಾದ್ದರಿಂದ, ಉಳಿದ ಮೇಷ್ಟ್ರುಗಳು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದುದರಿಂದ, ಪಕ್ಷಪಾತ ಎಂಬ ಮಾತು ಬರಬಾರದೆಂದು, ಮೈದಾನಕ್ಕೆಲ್ಲ ಕೇಳುವಂತೆ ಕೂಗಿದ್ದರು. ಸಾಲಿನಿಂದ ಆಚೆ ಬಾ. ನಾಳೆ ನೀನು ಎಲ್ಲರ ಚಪ್ಪಲಿ ನೋಡ್ಕೋ. ಕಟ್ಟೆಯ ಮೇಲಿನವರಲ್ಲಿ ಒಬ್ಬರು, "ಮೇಷ್ಟ್ರೇ, ನಿಮ್ಮದು ನ್ಯಾಯ ಅಂದ್ರೆ ನ್ಯಾಯ," ಎಂದಿದ್ದರು. ಆ ಮಾತಿಗೆ ಎದೆ ಉಬ್ಬಿತ್ತು ಎನ್ನುವುದೇ ಈಗ ಸಹಿಸಲಿಕ್ಕಾಗದ್ದು. ಮರುದಿನ ಶೀಲ್ಡು ಬಂತು. ಊಟಕ್ಕೆ ಕೂತಾಗ ಅವಳು ತಲೆ ಎತ್ತಿ ಕೇಳಿದಳು, ಕುಹಕವಿಲ್ಲ, ಸಿಟ್ಟಿಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದಳು: "ಅಪ್ಪ, ಸಾಲು ನೇರ ಇತ್ತಾ?" ಅವರು, "ಗೆರೆ ಎಳೆದ ಹಾಗಿತ್ತು," ಎಂದರು. ಹೆಂಡತಿ ಬಡಿಸುವ ಸೌಟನ್ನು ಪಾತ್ರೆಯಲ್ಲಿ ಬಿಟ್ಟ ಸದ್ದು ಸ್ವಲ್ಪ ಜೋರಾಗಿತ್ತು, ಅಷ್ಟೇ. ಆ ಶೀಲ್ಡು ಇನ್ನೂ ಮನೆಯಲ್ಲಿದೆ. ಅದರ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಇಡುತ್ತಾಳೆ ಹೆಂಡತಿ, ಇಪ್ಪತ್ತನಾಲ್ಕು ವರ್ಷದಿಂದ. ಬೇರೆ ಜಾಗ ಇಲ್ಲವೇ ಎಂದು ಕೇಳುವ ಧೈರ್ಯ ಅವರಿಗಾಗಿಲ್ಲ.

ಆಡುವವರು ಹೋದ ಮೇಲೆ ಸಭೆ. ಹದ್ದು ಕುರ್ಚಿಯಲ್ಲಿ ಕೂರಲಾರದೆ ಓಡಾಡುತ್ತಿದ್ದ.

"ನೋಡಿದ್ರಾ? ನಾವು ಹೇಳ್ಕೊಡ್ಲಿಲ್ಲ, ಅವರೇ ಕಂಡುಹಿಡಿದ್ರು! ಸೊಟ್ಟನ್ನ ಎರೆ ಮಾಡಿದ್ರು. ಇದಪ್ಪಾ ತಂತ್ರ ಅಂದ್ರೆ. ಇದನ್ನ ಆಟದ ಭಾಗವಾಗೇ ಮಾಡೋಣ. ಅವನಿಗೊಂದು ಕೆಂಪು ಟೋಪಿ, ಕೊರಳಿಗೆ ಗಂಟೆ. ದೂರದಿಂದ್ಲೇ ಗೊತ್ತಾಗ್ಬೇಕು. ಸತ್ರೆ ಮುಂದಿನ ಯುದ್ಧಕ್ಕೆ ಇನ್ನೊಬ್ಬ ಸೊಟ್ಟ ರೆಡಿ."

"ಸಾಯೋದು ನಗು ಬರೋ ಹಾಗಿರ್ಬೇಕು ಆದ್ರೆ," ಎಂದ ಲೆಕ್ಕದವನು. ಆಟದ ಒಳಗಿನ ಏಟು, ಗಾಯ, ದೂರಗಳ ಲೆಕ್ಕವೆಲ್ಲ ಅವನದು.

"ಏಳು ತರ ಸಾಯ್ಲಿ. ಒಂದೇ ತರ ಸತ್ರೆ ಬೇಜಾರು." ಹದ್ದು ಮಗಳ ಕಡೆ ತಿರುಗಿದ. "ಏಳು ಆಗುತ್ತಾ, ಗುರುವಾರದೊಳಗೆ?"

"ಆಗುತ್ತೆ," ಎಂದಳು ಮಗಳು. ಪುಸ್ತಕದಲ್ಲಿ ಏಳು ಎಂದು ಬರೆದುಕೊಂಡು, ಅದರ ಸುತ್ತ ಒಂದು ಚೌಕ ಎಳೆದಳು. ಚೌಕದ ಗೆರೆಯನ್ನು ಮತ್ತೆ ಮತ್ತೆ ತಿದ್ದಿದಳು.

ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಎದ್ದು ಹೇಳಬಹುದು. ನಾನೂ ಹೀಗೇ ಮಾಡಿದ್ದೆ, ನನ್ನ ಮಗಳಿಗೇ ಮಾಡಿದ್ದೆ, ಇವಳೇ ಅವಳು, ಆ ಜಿಗಿತ ಇವಳದು. ಹೇಳಿದರೆ ಕೋಣೆ ಮೌನವಾಗುತ್ತದೆ, ಹದ್ದು ಪಾಪದವನು, ಕ್ಷಮೆ ಕೇಳುತ್ತಾನೆ, ಟೋಪಿಯೂ ಇಲ್ಲ ಗಂಟೆಯೂ ಇಲ್ಲ. ತಮ್ಮ ಎದೆಯೂ ಹಗುರವಾಗುತ್ತದೆ. ಬಾಯಿ ತೆರೆದೂ ಆಗಿತ್ತು. "ಒಂದ್ಸಲ ಏನಾಯ್ತು ಅಂದ್ರೆ..." ಎಂದರು. ಹತ್ತು ಮುಖಗಳು ಅವರ ಕಡೆ ತಿರುಗಿದವು. ಮಗಳ ಮುಖ ತಿರುಗಲಿಲ್ಲ. ಅವಳ ಹೆಗಲು ಮಾತ್ರ ನಿಧಾನವಾಗಿ ಏರಲು ತೊಡಗಿತು. ಅದನ್ನು ನೋಡಿ ಅವರು ತಡೆದರು. ಈಗ ಹೇಳಿದರೆ ಮತ್ತೆ ಎಲ್ಲರ ಎದುರು, ಸಾಲಿನಿಂದ ಆಚೆ ಬಾ ಎಂದು ಕರೆದ ಹಾಗೆಯೇ ಅಲ್ಲವೇ? ಅಂದು ನ್ಯಾಯದ ಹೆಸರಿನಲ್ಲಿ, ಇಂದು ಪಶ್ಚಾತ್ತಾಪದ ಹೆಸರಿನಲ್ಲಿ. ಎರಡು ಸಲವೂ ಹೊಗಳಿಕೆ ಯಾರಿಗೆ?

"ಏನಾಯ್ತು ಮೇಷ್ಟ್ರೇ?" ಎಂದ ಹದ್ದು.

"ಏನಿಲ್ಲ... ನಾನೊಂದ್ಸಲ ಆಡ್ಲಾ?"

ಕೋಣೆಯಲ್ಲಿ ನಗು ಎದ್ದಿತು, ಕೆಟ್ಟ ನಗುವಲ್ಲ. ನಾಲ್ಕು ತಿಂಗಳಲ್ಲಿ ಅವರು ಒಮ್ಮೆಯೂ ಆಡಿರಲಿಲ್ಲ. ನೋಡಿ ಹೇಳುವುದಷ್ಟೇ ತಮ್ಮ ಕೆಲಸ ಎಂದು ತಪ್ಪಿಸಿಕೊಳ್ಳುತ್ತಿದ್ದರು. ಲೆಕ್ಕದವನು ಎದ್ದು ಕುರ್ಚಿ ಒರೆಸಿ, "ಬನ್ನಿ ಸೇನಾಧಿಪತಿಗಳೇ," ಎಂದ. ಗುಂಡಿಗಳಿದ್ದ ಕಂಟ್ರೋಲರು ಅವರ ಅಗಲವಾದ ಅಂಗೈಯಲ್ಲಿ ಸೋಪಿನ ಹಾಗೆ ಜಾರಿತು. ನಾಯಕಿ ಮರಕ್ಕೆ ಹೋಗಿ ಗುದ್ದಿದಳು. ಮತ್ತೆ ಗುದ್ದಿದಳು. "ಮರ ನಮ್ಮ ಕಡೇದು ಮೇಷ್ಟ್ರೇ," ಎಂದಿತು ಯಾರದೋ ದನಿ. ಇನ್ಯಾರೋ, "ಕನ್ನಡಕ ಹಾಕ್ಕೊಂಡಿದ್ದಾರಾ ನೋಡ್ರೋ," ಎಂದರು. ಮೂವತ್ತೊಂದು ವರ್ಷ ಒಂದು ಬೆರಳೆತ್ತಿ ನಾಲ್ಕು ನೂರು ಮಕ್ಕಳನ್ನು ನಿಲ್ಲಿಸಿದ ಮನುಷ್ಯ ಈಗ ಒಬ್ಬ ಹೆಂಗಸನ್ನು ಮರದಿಂದ ಬಿಡಿಸಲಾರದೆ ಬೆವರಿದರು. ಕೊನೆಗೆ ಹೇಗೋ ಅವಳು ಸಾಲಿನ ಮುಂದೆ ಬಂದು ನಿಂತಳು. ಅರವತ್ತು ಮುಖಗಳು. ಮೂರನೇ ಸಾಲಿನ ಕೊನೆಯಲ್ಲಿ ಅವನು. ಬೂದಿಯವರು ದಿಬ್ಬದಿಂದ ಇಳಿಯುತ್ತಿದ್ದರು.

"ಬೇರ್ಪಡಿಸಿ, ಬೇರ್ಪಡಿಸಿ. ಆ ತ್ರಿಕೋನದ ಗುಂಡಿ," ಎಂದ ಲೆಕ್ಕದವನು.

ಮೇಷ್ಟ್ರು ಅದನ್ನು ಒತ್ತಲಿಲ್ಲ. ಬಲಕ್ಕೆ ತಿರುಗುವ ಆಜ್ಞೆಯ ಗುಂಡಿ ಒತ್ತಿದರು. ಬಲಕ್ಕೇ... ಎಂದು ನಾಯಕಿಯ ಕೊರಳು ಕೂಗಿತು. ಸಾಲು ಉಸಿರು ಎಳೆಯಿತು. ಈಗ ಬಿಡಬೇಕು. ಬಿಡಬೇಕೆಂದು ಮನಸ್ಸು ಹೇಳಿತು, ಹೆಬ್ಬೆರಳು ಏಳಲಿಲ್ಲ. ಚಳಿಗಾಲದಿಂದ ಆ ಬೆರಳಿನ ಕೀಲು ಹಿಡಿದುಕೊಳ್ಳುತ್ತಿತ್ತು; ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಹೆಂಡತಿ ಬೇಕಾಗುತ್ತಿತ್ತು. "ಬಿಡಿ ಮೇಷ್ಟ್ರೇ, ಬಿಡಿ, ಬಂದ್ರು!" ಎಂದು ನಾಲ್ಕು ದನಿಗಳು ಒಟ್ಟಿಗೆ ಕೂಗಿದವು. ಒಂದು ಇಡೀ ಉಸಿರಿನಷ್ಟು ಹೊತ್ತು ಕಳೆದ ಮೇಲೆ ಬೆರಳು ಲಟಕ್ಕೆಂದು ಮೇಲೆದ್ದಿತು. ತಿರುಗ್!

ಅರವತ್ತೂ ಜನ ಬಲಕ್ಕೆ ತಿರುಗಿದರು.

ಮೊದಲು ಯಾರೂ ಗಮನಿಸಲಿಲ್ಲ. ಗಮನಿಸಿದವನು ಲೆಕ್ಕದವನು. "ತಡಿ ತಡಿ. ಸೊಟ್ಟ ಎಲ್ಲಿ?" ಎಂದು ಪರದೆಗೆ ಮೂಗು ತಾಗಿಸಿ ಹುಡುಕಿದ. ಸೊಟ್ಟ ಅಲ್ಲೇ ಇದ್ದ, ಮೂರನೇ ಸಾಲಿನ ಕೊನೆಯಲ್ಲಿ, ಬಲಕ್ಕೆ ಮುಖ ಮಾಡಿ. ಜಿಗಿತವಿಲ್ಲ. ಕಣ್ಣು ಹೊರಳಲಿಲ್ಲ. ಹೆಗಲು ತನ್ನ ಜಾಗದಲ್ಲೇ ಇತ್ತು. ಅವನ ಗುರಾಣಿ ಪಕ್ಕದವನ ಗುರಾಣಿಗೆ ತಾಗಿತ್ತು. ಬೂದಿಯ ಸೈನ್ಯ ಬಂದು ಆ ಸಾಲಿಗೆ ಬಡಿದು, ಪುಡಿಯಾಗಿ ಎರಡೂ ಕಡೆ ಸುರಿಯಿತು.

"ಇದನ್ನ ಯಾರು ಹಾಕಿದ್ದು?" ಎಂದ ಹದ್ದು.

"ನಾನು," ಎಂದಳು ಮಗಳು. "ಎರಡನೇ ತಿಂಗಳಲ್ಲಿ. ಎಚ್ಚರಿಕೆ ಆದ್ಮೇಲೆ ಒಂದು ಉಸಿರು ಕಾದ್ರೆ ಅವನು ಸರಿಯಾಗೇ ತಿರುಗ್ತಾನೆ. ಅವನಿಗೆ ಗೊತ್ತಿರುತ್ತೆ. ಹೊತ್ತು ಬೇಕು ಅಷ್ಟೆ."

"ಹೇಳ್ಲೇ ಇಲ್ವಲ್ಲಮ್ಮಾ!"

"ಯಾರಾದ್ರೂ ಕಾಯ್ತಾರಾ ನೋಡೋಣ ಅಂತಿದ್ದೆ."

ಹದ್ದು ಸೊಂಟಕ್ಕೆ ಕೈ ಕೊಟ್ಟು ಪರದೆಯನ್ನೂ ಮೇಷ್ಟ್ರನ್ನೂ ನೋಡಿದ. ಆಮೇಲೆ ಮುಖ ಅರಳಿಸಿಕೊಂಡು, "ಮೇಷ್ಟ್ರಿಗೆ ಗೊತ್ತಿತ್ತು ನೋಡ್ರಪ್ಪಾ! ಮೈದಾನದಲ್ಲಿ ನಿಂತವರ ತಾಳ್ಮೆ ಅಂದ್ರೆ ಇದು. ನಾವೆಲ್ಲ ಬಿಡಿ ಬಿಡಿ ಅಂತ ಬಡ್ಕೊಂಡ್ವಿ, ಅವರು ಅಲ್ಲಾಡ್ಲಿಲ್ಲ," ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಮೊದಲ ಸಲ ತಲೆ ಎತ್ತಿ ಅವರನ್ನು ನೋಡಿದಳು. ಆ ನೋಟದಲ್ಲಿ ಏನೋ ಸಡಿಲವಾಗಿತ್ತು, ಗಟ್ಟಿಯಾಗಿ ಕಟ್ಟಿದ್ದ ಗಂಟೊಂದರ ತುದಿ ಸಿಕ್ಕಂತೆ. ಮೇಷ್ಟ್ರು ಕೈಯಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟು, ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡರು. ಹೇಳಬೇಕಾಗಿತ್ತು. ತಾಳ್ಮೆಯೂ ಅಲ್ಲ ಮಣ್ಣೂ ಅಲ್ಲ, ಕೀಲು ಹಿಡಿದುಕೊಂಡಿತ್ತು ಎಂದು ಹೇಳಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ಅವರು ಸುಮ್ಮನೆ ಮೀಸೆಯ ಮೇಲೆ ಕೈಯಾಡಿಸಿದರು.

"ಸರಿ, ಟೋಪಿ ಗಂಟೆ ಬೇಡ," ಎಂದ ಹದ್ದು. "ಏಳು ಸಾವೂ ಬೇಡ. ಆದ್ರೆ ಬೇರ್ಪಡಿಸೋದನ್ನ ನಾನು ತೆಗೆಯಲ್ಲ, ಮೊದ್ಲೇ ಹೇಳ್ತೀನಿ. ಕಾಯೋ ದಾರೀನೂ ಇರ್ಲಿ, ಎರೆ ಮಾಡೋ ದಾರೀನೂ ಇರ್ಲಿ. ಆಡೋನು ಎಂಥೋನು ಅಂತ ಅಲ್ಲೇ ಗೊತ್ತಾಗೋದು."

"ಇರ್ಲಿ," ಎಂದಳು ಮಗಳು. "ಆದ್ರೆ ಅವನನ್ನ ಆಚೆ ತೆಗೆದ್ಮೇಲೆ ಉಳಿದವರು ಸರಿದು ಜಾಗ ಮುಚ್ಚಬಾರ್ದು. ಈಗ ಮುಚ್ಚುತ್ತಾರೆ. ಅದು ಖಾಲಿ ಇರ್ಬೇಕು. ಯುದ್ಧ ಮುಗಿಯೋವರೆಗೂ."

"ಯಾಕೆ?"

"ಹಾಗೇ ಇರುತ್ತೆ," ಎಂದು ಪುಸ್ತಕ ಮುಚ್ಚಿದಳು.

ಮಧ್ಯಾಹ್ನದ ಊಟ ಮೇಷ್ಟ್ರಿಗೆ ರುಚಿಸಲಿಲ್ಲ. ಹೆಂಡತಿಗೆ ಫೋನು ಮಾಡಿದರು, ಕಾರಣವಿಲ್ಲದೆ. "ಏನು, ಸೈನ್ಯ ಸೋತು ಹೋಯ್ತಾ?" ಎಂದಳು ಅವಳು. ಗೆದ್ದಿತು ಎಂದರು. "ಮತ್ಯಾಕೆ ದನಿ ಹೀಗಿದೆ?" ಏನಿಲ್ಲ ಎಂದರು. ಆ ಕಡೆಯಿಂದ ಇಸ್ತ್ರಿ ಪೆಟ್ಟಿಗೆ ಇಟ್ಟ ಸದ್ದು ಕೇಳಿತೋ, ಕೇಳಿದಂತೆ ಅನ್ನಿಸಿತೋ. ಆಮೇಲೆ ಸಂಜೆಯವರೆಗೂ ಕುರ್ಚಿಯಲ್ಲಿ ಕೂತರು, ಎದ್ದರು, ಕಿಟಕಿಯಿಂದ ಕೆಳಗೆ ನಿಲ್ಲಿಸಿದ ಗಾಡಿಗಳ ಸಾಲು ನೋಡಿದರು. ಒಂದು ಗಾಡಿ ಹೋದರೆ ಅಲ್ಲೊಂದು ಸಂದು ಉಳಿಯುತ್ತಿತ್ತು. ಯಾಕೆ ಖಾಲಿ ಇರಬೇಕು? ಯಾವ ಖಾಲಿ ಜಾಗ? ಕ್ರೀಡಾಕೂಟದ ದಿನವನ್ನು ಮತ್ತೆ ಮತ್ತೆ ಹೊರಗೆಳೆದು ನೋಡಿದರು. ಸುಣ್ಣದ ಗೆರೆ ಇತ್ತು, ವಾದ್ಯದವರಿದ್ದರು, ಅತಿಥಿಗಳ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿತ್ತು, ನಾಲ್ಕು ಸಾಲು ಕತ್ತಿಯ ಅಲಗಿನ ಹಾಗೆ ತಿರುಗಿದ್ದು ಕಾಣುತ್ತಿತ್ತು. ಮೂರನೇ ಸಾಲಿನ ಕೊನೆ ಮಾತ್ರ ಕಾಣುತ್ತಿರಲಿಲ್ಲ. ಅಲ್ಲಿ ನೋಡಿದ ನೆನಪೇ ಇರಲಿಲ್ಲ.

ಸಂಜೆ ವೃತ್ತದ ಮುಂದಿನ ಸಿಗ್ನಲಿನಲ್ಲಿ ಕೆಂಪು ದೀಪ, ಅದರ ಪಕ್ಕದಲ್ಲಿ ತೊಂಬತ್ತರಿಂದ ಇಳಿಯುವ ಅಂಕಿ. ಸುತ್ತ ಬಸ್ಸು, ಕಾರು, ಬೈಕುಗಳು ಒತ್ತಿಕೊಂಡು ನಿಂತವು. ಮೇಷ್ಟ್ರು ಮುಂದಕ್ಕೆ ಬಾಗಿ, "ಆ ಜಾಗ ಯಾಕೆ ಖಾಲಿ ಇರ್ಬೇಕು ಅಂದೆ?" ಎಂದು ಕೇಳಿದರು.

ಅವಳು ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿದಳು. ಹಿಂದಕ್ಕೆ ತಿರುಗಲಿಲ್ಲ. "ಅವತ್ತು ಖಾಲಿ ಇತ್ತಲ್ಲಪ್ಪ. ಮೂರನೇ ಸಾಲಲ್ಲಿ ಒಂಬತ್ತೇ ಜನ. ಕೊನೇಲಿ ನನ್ನ ಜಾಗ ಹಾಗೇ ಇತ್ತು. ನೀನು ಮುಚ್ಚಿಸಿರ್ಲಿಲ್ಲ."

ಎಪ್ಪತ್ತೊಂದು. ಎಪ್ಪತ್ತು.

"ನಾನು ಚಪ್ಪಲಿ ರಾಶಿ ಹತ್ರ ನಿಂತು ನೋಡ್ತಿದ್ದೆ. ನನಗೋಸ್ಕರ ಬಿಟ್ಟಿದ್ದೀಯ ಅಂದ್ಕೊಂಡೆ. ಕೊನೇ ಗಳಿಗೇಲಿ ಬಾ ಅಂತ ಕರೀತೀಯ ಅಂತ. ಎಲ್ಲರ ಚಪ್ಪಲಿ ಕಾಯ್ತಾ, ನಾನೂ ಅವರ ಹಾಗೇ ಬಿಳೀ ಶೂ ಹಾಕ್ಕೊಂಡು, ಲೇಸು ಬಿಗಿದು ನಿಂತಿದ್ದೆ." ಅವಳು ನಕ್ಕಳು, ಸಣ್ಣಗೆ. "ವಾದ್ಯ ನಿಲ್ಲೋವರೆಗೂ ನಿಂತಿದ್ದೆ. ಆಮೇಲೆ ಎಷ್ಟೋ ವರ್ಷ ಯೋಚ್ನೆ ಮಾಡಿದ್ದೀನಿ. ಅಪ್ಪ ಸಾಲು ಬಿಗಿ ಮಾಡೋದನ್ನ ಮರೆಯೋ ಮನುಷ್ಯ ಅಲ್ಲ. ಕರೀಬೇಕು ಅಂತ ಬಿಟ್ಟು, ಆಮೇಲೆ ಧೈರ್ಯ ಆಗ್ಲಿಲ್ವೇನೋ. ಇವತ್ತು ನೀನು ಬೆರಳು ಬಿಡದೆ ಕಾದೆಯಲ್ಲ, ಆಗ ಮತ್ತೆ ಹಾಗೇ ಅನ್ನಿಸ್ತು." ಸ್ವಲ್ಪ ತಡೆದು ಕೇಳಿದಳು. "ಬಿಟ್ಟಿದ್ದಾ ಅಪ್ಪ? ಇಲ್ಲಾ ಮರೆತಿದ್ದಾ?"

ಐವತ್ತೆರಡು. ಬಿಟ್ಟಿದ್ದೆ ಎಂದರೆ ಆಯಿತು. ಒಂದೇ ಮಾತು. ಇಪ್ಪತ್ತನಾಲ್ಕು ವರ್ಷ ಬಿಳೀ ಶೂ ಹಾಕಿಕೊಂಡು ನಿಂತ ಹುಡುಗಿಗೆ ಕೊಡಬಹುದಾದದ್ದು ಅದೊಂದೇ, ಯಾರಿಗೂ ನಷ್ಟವಿಲ್ಲ, ಬೇರೆ ಯಾರೂ ಕೇಳಿಸಿಕೊಳ್ಳುವುದೂ ಇಲ್ಲ. ಆದರೆ ಕ್ರೀಡಾಕೂಟದ ಹಿಂದಿನ ದಿನ ಅವಳನ್ನು ಆಚೆ ತೆಗೆದ ಗಳಿಗೆಯಿಂದ ಅವಳನ್ನೂ ಅವಳ ಜಾಗವನ್ನೂ ತಲೆಯಿಂದ ತೆಗೆದುಹಾಕಿದ್ದರು. ಬಿಗಿ ಮಾಡಿಸುವುದು ನೆನಪಾಗಿದ್ದರೆ ಮಾಡಿಸಿಯೇ ಬಿಡುತ್ತಿದ್ದರು, ಆಗ ಅವಳಿಗೆ ಕಾಯಲಿಕ್ಕೆ ಜಾಗವಾದರೂ ಇರುತ್ತಿರಲಿಲ್ಲ. ಅವಳು ಇಷ್ಟು ವರ್ಷ ಅಪ್ಪನ ಪ್ರೀತಿ ಎಂದು ಹಿಡಿದುಕೊಂಡದ್ದು ಅಪ್ಪನ ಮರೆವು. ನಲವತ್ತು. ಮೂವತ್ತೊಂಬತ್ತು. ಮಧ್ಯಾಹ್ನ ಅವರಿಗಾಗಿ ತಟ್ಟಿದ ಚಪ್ಪಾಳೆ ಇನ್ನೂ ಹೆಬ್ಬೆರಳಲ್ಲಿ ಮಿಡಿಯುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಅವರು ಉತ್ತರ ಹುಡುಕುವಷ್ಟು ಹೊತ್ತೂ ಅವಳ ಹೆಗಲು ಇಳಿದೇ ಇತ್ತು. ಕಾಯುವುದು ಎಂದರೆ ಹೀಗೆ ಎಂದು ಅವರಿಗೆ ಅನ್ನಿಸಿತು. ಯಾರೂ ಅವರಿಗೆ ಇಷ್ಟು ಹೊತ್ತು ಕೊಟ್ಟಿರಲಿಲ್ಲ, ಅವರೂ ಯಾರಿಗೂ ಕೊಟ್ಟಿರಲಿಲ್ಲ.

"ಮರೆತಿದ್ದೆ," ಎಂದರು.

"ಏನು? ಬಸ್ಸಿನ ಸದ್ದಪ್ಪ, ಕೇಳಿಸ್ಲಿಲ್ಲ."

ಪಿಸುಮಾತು ಆಡಿ ಅಭ್ಯಾಸವಿರದ ಗಂಟಲು. ಇನ್ನೊಮ್ಮೆ ಹೇಳಬೇಕಾದಾಗ ಅದು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ತೆರೆದುಕೊಂಡಿತು. "ಮರೆತಿದ್ದೆ!" ಪಕ್ಕದ ಬೈಕಿನವನು ಬೆಚ್ಚಿ ನೋಡಿದ. ಬಸ್ಸಿನ ಕಿಟಕಿಯಿಂದ ಮೂರು ನಾಲ್ಕು ತಲೆಗಳು ಹೊರಬಂದವು. "ಬಿಟ್ಟಿದ್ದಲ್ಲ, ಮರೆತೇಬಿಟ್ಟಿದ್ದೆ! ಇವತ್ತೂ ಕಾದಿದ್ದಲ್ಲ ಮಗಳೇ, ಬೆರಳು ಏಳ್ಲಿಲ್ಲ ಅಷ್ಟೆ!"

"ಯಾಕ್ ಸಾರ್, ಏನಾಯ್ತು?" ಎಂದ ಬೈಕಿನವನು.

ಮಗಳ ಹೆಲ್ಮೆಟ್ಟು ಮೇಲೆ ಕೆಳಗೆ ಒಮ್ಮೆ ಆಡಿತು. "ಹ್ಞೂಂ," ಎಂದಳು. ಅಂಕಿ ಇಳಿಯಿತು. ಹನ್ನೆರಡು, ಹನ್ನೊಂದು. ಅವಳು ಗಾಜಿನ ಒಳಗೆ ಬೆರಳು ತೂರಿಸಿ ಕಣ್ಣು ಒರೆಸಿಕೊಂಡಳೋ, ಕೂದಲು ಸರಿಸಿಕೊಂಡಳೋ, ಹಿಂದೆ ಕೂತವರಿಗೆ ತಿಳಿಯಲಿಲ್ಲ. ಗಾಜು ಕೆಳಗಿಳಿಸುವ ಮೊದಲು, "ಬಿಟ್ಟಿದ್ದೆ ಅಂತ ಹೇಳಿದ್ರೆ ನಂಬ್ತಿದ್ದೆ ಕಣಪ್ಪ," ಎಂದಳು.

"ಗೊತ್ತು."

ಹಸಿರು ಬಿತ್ತು. ಹಿಂದಿನವರು ಹಾರನ್ನು ಹೊಡೆಯತೊಡಗಿದರು. ಸ್ಕೂಟರು ಕೂಡಲೇ ಹೊರಡಲಿಲ್ಲ, ಒಂದು ಉಸಿರಿನಷ್ಟು ಹೊತ್ತು ನಿಂತಿತು. ಆಮೇಲೆ ಬಲಗಡೆಯ ದೀಪ ಮಿಣುಕುತ್ತಾ ವೃತ್ತದ ಕಡೆ ಜಾರಿತು. ಮನೆ ಇದ್ದದ್ದು ಎಡಕ್ಕೆ. ಮಾತು ಮೇಷ್ಟ್ರ ಗಂಟಲಿಗೆ ಬಂದು ನಿಂತಿತು. ನಿಂತೇ ಇತ್ತು. ಅವರು ಎರಡೂ ಕೈಯಲ್ಲಿ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು, ತಾವು ಎಂದೂ ನೋಡಿರದ ಬೀದಿಯ ಅಂಗಡಿಗಳು ಒಂದೊಂದಾಗಿ ಪಕ್ಕದಿಂದ ಸರಿದು ಹೋಗುವುದನ್ನು ನೋಡುತ್ತಾ ಕೂತರು.